ಚೆಂದಕ್ಕೆ ಇಟ್ಟ ಅಂಚೆ ಡಬ್ಬ

ಡಬ್ಬ ಇಡೋಣ ಎಂದವಳು ನಾನೇ. ತಪ್ಪನ್ನು ಬೇರೆ ಯಾರ ಮೇಲಾದರೂ ಹಾಕೋಣವೆಂದರೆ ಲೇಔಟಿನ ಸಂಘದ ಸಭೆಯಲ್ಲಿ ಅಷ್ಟೂ ಜನ ಕೇಳಿಸಿಕೊಂಡಿದ್ದಾರೆ.

ಅದಕ್ಕೆ ಮೊದಲು ನಾನೂ ನನ್ನ ಗಂಡನೂ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಕೆಲವು ದಿನ ಇದ್ದು ಬಂದಿದ್ದೆವು. ಊರಿಗೆಲ್ಲ ಒಂದೇ ಅಂಗಡಿ. ಬ್ರೆಡ್ಡು, ಆಲೂಗಡ್ಡೆಗಳ ಪಕ್ಕದಲ್ಲೇ ಅಂಚೆ ಕಚೇರಿಯ ಕಿಟಕಿ. ಊರ ನಡುವೆ ಹುಲ್ಲಿನ ಬಯಲು, ಚರ್ಚಿನ ಗಡಿಯಾರ, ಕಲ್ಲಿನ ಗೋಡೆಯಲ್ಲಿ ಕೂರಿಸಿದ ಕೆಂಪು ಅಂಚೆ ಡಬ್ಬ. ಬೇಗೂರಿನ ಹತ್ತಿರದ ನಮ್ಮ ಲೇಔಟನ್ನು ಬಿಲ್ಡರ್ ಹೇಗೂ ಇಂಗ್ಲಿಷ್ ಹಳ್ಳಿಯ ಮಾದರಿ ಎಂದೇ ಹೇಳಿ ಮಾರಿದ್ದ. ಓಡದ ಗಡಿಯಾರ, ಕಾಲಿಡಬಾರದ ಹುಲ್ಲು ಆಗಲೇ ಇದ್ದವು. ಗೇಟಿನ ಹೊರಗೋಡೆಗೆ ಒಂದು ಡಬ್ಬವೂ ಇದ್ದರೆ ಸಖತ್ತಾಗಿರುತ್ತದೆ ಎಂದೆ. ಬೊಮ್ಮನಹಳ್ಳಿಯಲ್ಲಿ ತಗಡಿನಲ್ಲಿ ಮಾಡಿಸಿದೆವು. ಬಾಯಿಲ್ಲದಿದ್ದರೆ ಡಬ್ಬದ ಹಾಗೆ ಕಾಣುವುದಿಲ್ಲವೆಂದು ಬಾಯಿ ಕೊರೆಸಿದ್ದೂ ನಾನೇ. ಅದರ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಯಾರ್ಯಾರಿಗೆ ಕಳಿಸಿದೆನೋ!

ಗೇಟಿನ ಎದುರು ಹಳೇ ಊರು. ಅಲ್ಲಿಂದಲೇ ನಮಗೆ ಹಾಲು ಕೊಡುವ ಅಕ್ಕ ಬರುವುದು. ಹೊಲ ಹೋಗಿ ಬಾಡಿಗೆ ಮನೆಗಳು ಎದ್ದರೂ ಆಕೆ ಹಸು ಬಿಟ್ಟಿಲ್ಲ. ಹೋದ ವರ್ಷ ಮಗಳ ಮದುವೆಗೆ ಕರೆದರು, ಹೋಗಿದ್ದೆ. ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೇ ಬಂದಿರಲಿಲ್ಲ. ಆಸ್ತಿ ಭಾಗವಾದಾಗಿನಿಂದ ಅಣ್ಣ ತಂಗಿಗೆ ಮಾತಿಲ್ಲವಂತೆ. ಆದರೂ ಅಕ್ಕ ಮುಹೂರ್ತದವರೆಗೂ ಛತ್ರದ ಬಾಗಿಲನ್ನೇ ನೋಡುತ್ತಿದ್ದರು. "ಎಂಥಾ ಅಣ್ಣನೋ, ಕಲ್ಲು ಮನಸ್ಸು" ಎಂದು ನಾನು ಪಾಯಸ ಸವಿಯುತ್ತ ಪಕ್ಕದವರೊಡನೆ ಆಡಿಕೊಂಡೆ.

ಈ ವರ್ಷ ಡಬ್ಬಕ್ಕೆ ತುಕ್ಕು ಹಿಡಿಯಿತು. ಬಣ್ಣ ಹೊಡೆಯಲು ಬಂದವನು ಅದನ್ನು ಗೋಡೆಯಿಂದ ಬಿಚ್ಚಿ ಅಲ್ಲಾಡಿಸಿದ.

"ಮೇಡಂ, ಒಳಗೆ ಯಾವ್ದೋ ಕಾರ್ಡ್ ಐತೆ."

ಮೂಲೆಗಳಿಗೆ ಅರಿಶಿನ ಹಚ್ಚಿದ ಮದುವೆಯ ಲಕೋಟೆ. ಸ್ಟಾಂಪು ಅಂಟಿಸಿ ಆನೇಕಲ್ ಕಡೆಯ ವಿಳಾಸ ಬರೆದಿತ್ತು. ಹಿಂದೆ ಸೊಟ್ಟ ಅಕ್ಷರದಲ್ಲಿ, 'ಅಣ್ಣ, ನೀನು ಬರದೆ ಮಗು ಮಂಟಪಕ್ಕೆ ಹೆಂಗೆ ಹೋಗ್ತಾಳೆ, ಅತ್ತಿಗೇನ ಕರ್ಕೊಂಡು ಬಾ.'

ಹರಿದು ಹಾಕಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಥೂ ನನ್ನ ಜನ್ಮಕ್ಕೆ! ಕೊನೆಗೆ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಲಕೋಟೆಯನ್ನು ತಿರುಗಿಸಿ ನೋಡಿ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತರು.

"ದೊಡ್ಡೋರ ಲೇಔಟಿನ ಡಬ್ಬ, ಬೇಗ ಹೋಗ್ತದೆ ಅಂತ ಇದ್ರಲ್ಲೇ ಹಾಕ್ದೆ ಮೇಡಂ. ಕರೆದ್ರೂ ಬರ್ಲಿಲ್ವಲ್ಲಾಂತ ಸಿಟ್ಟು ಬಂತು. ಆಮೇಲೆ ಅತ್ತಿಗೆ ತೀರ್ಕೊಂಡ್ರು. ನಾನು ಮಣ್ಣಿಗೂ ಹೋಗ್ಲಿಲ್ಲ."

ತಪ್ಪಾಯಿತು ಅಕ್ಕ ಎಂದೆ. ಆಕೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ನಾನು ಹೇಳಿದ್ರೆ ಅವ್ನು ನಂಬಲ್ಲ. ನೀವೇ ಬಂದು ಹೇಳಿ."

ಮರುದಿನ ನಮ್ಮ ಕಾರಿನಲ್ಲೇ ಹೋದೆವು. ದಾರಿಯುದ್ದಕ್ಕೂ ಅಕ್ಕನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅಣ್ಣ ಜಗಲಿಯ ಮೇಲೆ ಕುಳಿತಿದ್ದರು. ಒಳಗಿನ ಗೋಡೆಯಲ್ಲಿ ಹಾರ ಹಾಕಿದ ಹೆಂಡತಿಯ ಫೋಟೋ. ಅಕ್ಕ ಮೆಟ್ಟಿಲ ಕೆಳಗೇ ನಿಂತುಬಿಟ್ಟರು. ನಾನು ಲಕೋಟೆ ಕೊಟ್ಟು, ಇದು ನಮ್ಮ ಗೇಟಿನ ಡಬ್ಬದಲ್ಲೇ ಉಳಿದುಬಿಟ್ಟಿತ್ತು ಎಂದೆ. ಅವರು ತಂಗಿಯ ಅಕ್ಷರವನ್ನು ಬೆರಳಿಟ್ಟು ಓದಿದರು, ಮತ್ತೊಮ್ಮೆ ಓದಿದರು. ನಂತರ ಪಕ್ಕಕ್ಕೆ ಸರಿದು ತಂಗಿಗೆ ಜಾಗ ಮಾಡಿದರು.

"ಅದು ನಿಜವಾದ ಡಬ್ಬ ಅಲ್ಲ ಯಜಮಾನ್ರೇ," ಎಂದೆ. "ನಾವು ಸುಮ್ನೆ ಚೆಂದಕ್ಕೆ ಇಟ್ಟಿದ್ದು."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮುಖದಲ್ಲಿ ಕೋಪವಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದರು.

"ಪೋಸ್ಟ್ ಡಬ್ಬನ ಯಾರಾದ್ರೂ ಚೆಂದಕ್ಕೆ ಇಡ್ತಾರೇನಮ್ಮ?"