ಬಡಗಿ ಪರದೆಯ ಮೇಲೆ ಆಡಿದ ಮಾತು

ಇಸ್ತ್ರಿಯವಳಿಗೆ ಸಿನಿಮಾ ಅಂದರೆ ಅಷ್ಟಕ್ಕಷ್ಟೆ. ಆದರೂ ಅಂದು ಅಂಗಡಿ ಬೇಗ ಮುಚ್ಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಮಗಳ ಜೊತೆ ಹೊರಟಳು. ಹೋದ ವರ್ಷ ಎದೆನೋವಿನಿಂದ ತೀರಿಕೊಂಡ ಗಂಡ ಆ ಸಿನಿಮಾದಲ್ಲೊಂದು ಪಾರ್ಟು ಮಾಡಿದ್ದ. ಅವನು ಬಡಗಿ. ಸೆಟ್ಟಿಗೆ ಬಾಗಿಲು ಕೂರಿಸಲು ಹೋದವನ ಮುಖ ನಿರ್ದೇಶಕನಿಗೆ ಹಿಡಿಸಿಬಿಟ್ಟಿತ್ತು. ಮನೆಯಲ್ಲಿ ಕೇಳಿದ್ದಕ್ಕೆ, "ಏನಿಲ್ಲ, ಸುಮ್ನೆ ಕೂತಿದ್ದೆ" ಅಂದಿದ್ದ, ಅಷ್ಟೇ.

ಥಿಯೇಟರಿನಲ್ಲಿ ಬೆರಳೆಣಿಕೆಯ ಜನ. ಪರದೆಯ ಮೇಲೆ ಕೆಡವಲಿರುವ ಹಳೇ ಕಟ್ಟಡ, ಅದರ ತುಂಬ ಬಾಡಿಗೆಯವರು. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಾಯಿ ಹಾಕುತ್ತ ಗಂಟುಮೂಟೆ ಕಟ್ಟುತ್ತಿದ್ದರು.

"ಇದೆಂಥ ಸಿನಿಮಾನೇ? ಹೀರೋ ಯಾರು ಅಂತಾನೇ ಗೊತ್ತಾಗಲ್ಲ."

"ಎಲ್ರೂ ಹೀರೋನೇ ಕಣಮ್ಮ. ಸುಮ್ನೆ ನೋಡು."

ನೋಡುತ್ತ ನೋಡುತ್ತ ಆ ಜನ ಅಕ್ಕಪಕ್ಕದ ಮನೆಯವರಂತಾದರು. ಮೂಟೆಯ ಮೇಲೆ ಕೂತು ಬಿಕ್ಕುವ ಒಬ್ಬ ಸೊಸೆಯನ್ನು ಕಂಡು ಇಸ್ತ್ರಿಯವಳು ಲೊಚಗುಟ್ಟಿದಳು. ಆಮೇಲೆ ಗಂಡ ಬಂದ, ಮೇಲಿನ ಮಹಡಿಯ ಮುದುಕನಾಗಿ. ಕೆಲಸದಿಂದ ಬಂದ ಹೆಂಡತಿಯನ್ನು ಕೂರಿಸಿ, ಅವಳ ಕೈ ಹಿಡಿದು, "ಈ ಕೈ ಸವೆದಿದ್ದು ನಂಗೆ ಕಾಣ್ಸಲ್ಲ ಅನ್ಕೊಂಡ್ಯಾ?" ಅಂದ.

ಮಗಳು ಕಣ್ಣೊರೆಸಿಕೊಂಡಳು. ಇಸ್ತ್ರಿಯವಳಿಗೆ ಮಾತ್ರ ರೇಗಿತು. ಇಷ್ಟು ವರ್ಷದ ಸಂಸಾರದಲ್ಲಿ ಅಳೆದು ತೂಗಿ ಬಾಯಿ ಬಿಡುತ್ತಿದ್ದ ಮನುಷ್ಯ! ಬಿಸಿ ತಾಗಿ ಕಪ್ಪುಗಟ್ಟಿದ ಬೆರಳುಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು.

ಸಿನಿಮಾ ಮುಗಿದ ಮೇಲೆ, ಆ ಹೆಂಡತಿಯ ಪಾರ್ಟು ಮಾಡಿದ್ದ ಶಾಲೆಯ ಟೀಚರು ಹುಡುಕಿಕೊಂಡು ಬಂದರು.

"ನೀವು ಅವರ ಮನೆಯವರಲ್ವಾ? ಆ ಮಾತು ಯಾರೂ ಬರೆದುಕೊಟ್ಟಿದ್ದಲ್ಲ, ಅವರೇ ಆಡಿದ್ದು. 'ಇದು ನನ್ನ ಹೆಂಡ್ತಿಗೆ ಹೇಳಬೇಕಾದ್ದು ಟೀಚರ್, ಅವಳೆದುರು ನಿಂತ್ರೆ ನಾಲಿಗೇನೇ ಏಳಲ್ಲ' ಅಂದಿದ್ರು."

"ಏಳದಿದ್ರೆ ತೊದಲಬಹುದಿತ್ತಲ್ಲಮ್ಮ," ಅಂದಳು ಇಸ್ತ್ರಿಯವಳು. "ನಾನು ಅರ್ಥ ಮಾಡ್ಕೊತಿದ್ದೆ."



ಮರುದಿನ ಮಧ್ಯಾಹ್ನ, ಮಗಳಿಗೂ ಹೇಳದೆ, ಒಬ್ಬಳೇ ಮತ್ತೆ ಹೋದಳು. ಆ ಮಾತನ್ನು ಈ ಸಲ ತನಗೇ ಹೇಳಿದ್ದೆಂದುಕೊಂಡು ಕೇಳಬೇಕಿತ್ತು.

"ಜನಾನೇ ಇಲ್ಲಮ್ಮ, ತೆಗೆದುಬಿಟ್ರು," ಅಂದ ಟಿಕೆಟ್ಟಿನವನು. "ಬೇರೆ ಹಾಕಿದೀವಿ. ಫೈಟು ಚೆನ್ನಾಗಿದೆ, ನೋಡ್ತೀರಾ?"

"ಬೇಡಪ್ಪ."

ಮೆಟ್ಟಿಲ ಮೇಲೆ ಕೂತು ಗಂಡನ ದನಿ ನೆನೆಸಿಕೊಳ್ಳಲು ನೋಡಿದಳು. ದನಿಯೇನೋ ಬಂತು, ಪರದೆಯ ಮೇಲಿನ ಆ ಮೆತ್ತನೆಯ ದನಿಯಲ್ಲ, "ಮೊಳೆ ಡಬ್ಬಿ ಎಲ್ಲಿಟ್ಟೆ?" ಎಂದು ಗದರುವ ಮನೆಯ ದನಿ. ಅದನ್ನು ಕೇಳಿದ್ದೇ ತಡ, ತೀರಿಕೊಂಡ ದಿನವೂ ಬಾರದಿದ್ದ ಅಳು ಒತ್ತರಿಸಿಕೊಂಡು ಬಂತು.