ಗಿರಣಿ ಗೋಡೆಯ ಬಿರುಕು

ಸುರಪುರದಲ್ಲಿ ಅವ್ವನದೊಂದು ಹಿಟ್ಟಿನ ಗಿರಣಿ ಇತ್ತು. ಅವಳ ಹುಬ್ಬು ಸದಾ ಬೆಳ್ಳಗೆ, ಸೀರೆಗೆಲ್ಲ ಬಿಸಿ ಜೋಳದ ಹಿಟ್ಟಿನ ವಾಸನೆ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ನಾನು ಭೀಮರಾಯನಗುಡಿಯ ಕಾಲೇಜಿಗೆ ಸೇರಿದ ವರ್ಷ ಅವಳು ಗಿರಣಿಗೆ ವಿಮೆ ಮಾಡಿಸಿದಳು. ಎಲ್ಲ ಅಪಾಯಗಳಿಗೂ ಸಲ್ಲುವ ಪಾಲಿಸಿ. ರಜೆಗೆ ಬಂದ ನನ್ನ ಕೈಗೆ ಕಾಗದ ಕೊಟ್ಟಳು. ಕಲಿತವಳೆಂಬ ಗತ್ತಿನಲ್ಲಿ ನಾನು ವಿವರಿಸಿದೆ: ಬೇರೆ ಪಾಲಿಸಿಗಳಲ್ಲಿ ಯಾವುದಕ್ಕೆ ಪರಿಹಾರ ಉಂಟೆಂಬ ಪಟ್ಟಿ ಇರುತ್ತದೆ, ಇದರಲ್ಲಿ ಯಾವುದಕ್ಕೆ ಇಲ್ಲವೆಂಬ ಪಟ್ಟಿ. ಆ ಪಟ್ಟಿಯಲ್ಲಿ ಇಲ್ಲದ್ದು ಅಕಸ್ಮಾತ್ ಆದರೆ ಪರಿಹಾರ ಸಿಗುತ್ತದೆ.

“ಹಂಗಾರ ಆ ಇಲ್ಲ ಅನ್ನೋ ಪಟ್ಟಿ ಓದು,” ಎಂದಳು.

ಸವೆತ, ತುಕ್ಕು, ಇಲಿ-ಹೆಗ್ಗಣ, ದಿನಕಳೆದಂತೆ ಬಿಟ್ಟ ಬಿರುಕು ಎಂದು ಓದುತ್ತ ಹೋದೆ. ಅವಳು ಜರಡಿ ಆಡಿಸುತ್ತಲೇ ಇದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡೆ.

ಮೂರು ವರ್ಷದ ಬಳಿಕ, ಮಳೆ ಹಿಡಿದ ಒಂದು ಮಧ್ಯಾಹ್ನ, ಗಿರಣಿಯ ಹಿಂದಿನ ಗೋಡೆ ಯಂತ್ರದ ಮೇಲೆಯೇ ಕುಸಿಯಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಯಂತ್ರ ಮಾತ್ರ ಜಜ್ಜಿಹೋಯಿತು. ಪರಿಹಾರ ಬಂದರೆ ಮತ್ತೆ ಗಿರಣಿ, ಬಾರದಿದ್ದರೆ ಅಲ್ಲಿಗೆ ಮುಗಿಯಿತು.

ಹಾನಿ ನೋಡಲು ಯಾದಗಿರಿಯಿಂದ ವಿಮೆಯ ಸರ್ವೇಯರ್ ಬಂದರು. ಕಲ್ಲು ಮಣ್ಣು ಸರಿಸಿ ನೋಡಿ ಅವ್ವನನ್ನು ಕೇಳಿದರು: “ಗೋಡಿ ಮೊದಲ ಬಿರುಕು ಬಿಟ್ಟಿತ್ತೇನ್ರಿ ಅವ್ವಾರ?”

ನಾನು ಅವಳ ಸೆರಗು ಜಗ್ಗಿದೆ.

“ಹೌದ್ರಿ, ಎರಡು ವರ್ಷ ಆತು. ಯುಗಾದಿಗೊಮ್ಮಿ ಮಣ್ಣು ಮೆತ್ತತಿದ್ದೆ.”

ಆ ಮನುಷ್ಯ ಒಳ್ಳೆಯವರು. ಬರೆಯುವುದನ್ನು ನಿಲ್ಲಿಸಿ, “ಸರಿಯಾಗಿ ನೆನಪು ಮಾಡ್ಕೊಂಡು ಹೇಳ್ರಿ,” ಎಂದರು. ಅವಳು ಇನ್ನೂ ಸರಿಯಾಗಿ ನೆನಪಿಸಿಕೊಂಡು, ಬಿರುಕು ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದಳು.

ಪರಿಹಾರ ಇಲ್ಲ ಎಂಬ ಪತ್ರ ಬಂದ ದಿನ ನಾನು ಅವಳ ಮೇಲೆ ಹರಿಹಾಯ್ದೆ. “ಗೊತ್ತಿಲ್ಲ ಅಂದಿದ್ರ ಮುಗೀತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಪಾಲಿಸಿ ನಿನಗ ತಿಳೀಲೇ ಇಲ್ಲಬೇ.”

ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: “ನೀನ ಓದಿ ಹೇಳಿದ್ದಿಲ್ಲೇನು, ಬಿರುಕಿಗೆ ಕೊಡೂದಿಲ್ಲ ಅಂತ? ಅವರು ಕೇಳಾಕತ್ತಾಗ ನನಗ ನೆನಪಿತ್ತು.”

ನನ್ನ ಬಗ್ಗೆಯೇ ನಾಚಿಕೆಯಾಯಿತು.

ಮರುದಿನ ಮನೆಯ ಜೋಳದ ಡಬ್ಬಿ ಹೊತ್ತುಕೊಂಡು ಇಬ್ಬರೂ ಬೇರೆಯವರ ಗಿರಣಿಗೆ ಹೋದೆವು. ಅಲ್ಲಿದ್ದ ಹೆಂಗಸರು ಸರಿದು, “ನೀವು ಮುಂದ ಬರ್ರಿ ಅಕ್ಕಾರ,” ಎಂದರು.

“ನನ್ನ ಪಾಳಿ ಬರ್ಲಿ,” ಎಂದು ಅವ್ವ ಸಾಲಿನ ಕೊನೆಗೆ ನಿಂತಳು. ನಾನೂ ಅವಳ ಪಕ್ಕದಲ್ಲಿ ನಿಂತೆ.