ಗಿರೀಶನ ಕಂಪ್ಯೂಟರ್ ತಡವರಿಸಿದ ಮಧ್ಯಾಹ್ನ

ನಮ್ಮ ರಾಮನಗರ, ಮಾಗಡಿ ಕಡೆಯ ಗೆಳೆಯರ ನಡುವೆ ಒಂದು ಕಥೆ ಓಡಾಡುತ್ತಿದೆ. ತಿಪ್ಪಸಂದ್ರದ ಹತ್ತಿರದ ಹಳ್ಳಿಯೊಂದರಲ್ಲಿ ತೀರಿಕೊಂಡ ಹುಡುಗನ ಗೇಮಿಂಗ್ ಕಂಪ್ಯೂಟರನ್ನು ರಿಪೇರಿ ಮಾಡಲು ಒಬ್ಬ ಎಂಜಿನಿಯರ್ ರಾತ್ರಿ ಹೊತ್ತು ಕೂತಿದ್ದನಂತೆ. ಪರದೆಯ ಮೇಲೆ ಸತ್ತವನ ಮುಖ ಮೂಡಿತಂತೆ. ಎಂಜಿನಿಯರ್ ಚಪ್ಪಲಿಯನ್ನೂ ಬಿಟ್ಟು ಓಡಿದನಂತೆ.

ಆ ಎಂಜಿನಿಯರ್ ನಾನೇ. ಹಾಗಾಗಿ ಮೊದಲು ತಿದ್ದುಪಡಿ. ನಾನು ಎಂಜಿನಿಯರ್ ಅಲ್ಲ, ಓದಿದ್ದು ಅರ್ಥಶಾಸ್ತ್ರ. ಅದು ರಾತ್ರಿಯಲ್ಲ, ಹಟ್ಟಹಗಲು. ಪರದೆಯ ಮೇಲೆ ಯಾರ ಮುಖವೂ ಮೂಡಲಿಲ್ಲ. ನಾನು ಓಡಲೂ ಇಲ್ಲ; ಕಾಫಿ ಕುಡಿದು, ಚಪ್ಪಲಿ ಮೆಟ್ಟಿಕೊಂಡು, ಬಸ್ ಹತ್ತಿ ಮನೆಗೆ ಬಂದೆ. ದೆವ್ವದ ಕಥೆಗಳೆಲ್ಲ ರಾತ್ರಿಯಲ್ಲೇ ಯಾಕೆ ನಡೆಯುತ್ತವೆ, ದೆವ್ವಕ್ಕೆ ಹಗಲಿನಲ್ಲಿ ಬೇರೆ ಕೆಲಸವಿರುತ್ತದೆಯೇ ಎಂದು ವೇದಿಕೆಯ ಮೇಲೆ ನಿಂತು ಕೇಳಿ ಚಪ್ಪಾಳೆ ಗಿಟ್ಟಿಸಿದವನು ನಾನು. ಇಂಥ ಯಾವುದನ್ನೂ ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಆ ಮಧ್ಯಾಹ್ನ ನಡೆದದ್ದು ಜನ ಹೇಳುವ ಕಥೆಗಿಂತ ತುಂಬ ಚಿಕ್ಕದು. ಚಿಕ್ಕದಾದ್ದರಿಂದಲೇ ಅದನ್ನು ಅಲ್ಲಗಳೆಯಲು ನನಗೆ ಆಗುತ್ತಿಲ್ಲ.

ಗಿರೀಶ ನನ್ನ ಕಾಲೇಜಿನ ಗೆಳೆಯ. ಚರ್ಚಾಸ್ಪರ್ಧೆಗಳಲ್ಲಿ ಒಂದು ಪದ್ಧತಿಯಿದೆ: ಪ್ರತಿ ಕಾಲೇಜಿನಿಂದ ಇಬ್ಬರು ಬರಬೇಕು, ಒಬ್ಬ ವಿಷಯದ ಪರ, ಇನ್ನೊಬ್ಬ ವಿರೋಧ. ಇಬ್ಬರ ಅಂಕವನ್ನೂ ಕೂಡಿಸಿ ಪಾರಿತೋಷಕ ಕೊಡುತ್ತಾರೆ. ಎಂದರೆ ನಿಮ್ಮ ಜೊತೆಗಾರನೇ ನಿಮ್ಮ ಎದುರಾಳಿ. ನನ್ನನ್ನು ಚೆನ್ನಾಗಿ ಸೋಲಿಸಿದಷ್ಟೂ ಅವನು ನನ್ನನ್ನು ಗೆಲ್ಲಿಸುತ್ತಿದ್ದ. ಅವನು ಯಾವಾಗಲೂ ಪರ, ನಾನು ಯಾವಾಗಲೂ ವಿರೋಧ. ಚನ್ನಪಟ್ಟಣ, ಕನಕಪುರ, ಎಲ್ಲೆಲ್ಲಿ ಸ್ಪರ್ಧೆಯೋ ಅಲ್ಲಿಗೆಲ್ಲ ಹೋಗುವ ಬಸ್ಸಿನಲ್ಲೂ ನಮ್ಮ ಜಗಳ ನಿಲ್ಲುತ್ತಿರಲಿಲ್ಲ. ಒಮ್ಮೆ ಕಂಡಕ್ಟರ್ ಬಂದು, "ಆಸ್ತಿ ಭಾಗ ಮಾಡ್ಕತಾ ಇದ್ದೀರೇನ್ರಪ್ಪಾ? ಒಸಿ ಮೆತ್ತಗೆ ಮಾಡ್ಕಳಿ" ಎಂದಿದ್ದ.

ರಾತ್ರಿ ಊಟವಾದ ಮೇಲೆ ನಾವು ಆಟದಲ್ಲಿ ಸೇರುತ್ತಿದ್ದೆವು. ನಾನು ರಾಮನಗರದ ಮನೆಯಲ್ಲಿ, ಅವನು ಅವನ ಹಳ್ಳಿಯಲ್ಲಿ, ಇಬ್ಬರ ಕಿವಿಗೂ ಹೆಡ್‌ಫೋನ್. ಹಳ್ಳಿಯಲ್ಲಿದ್ದ ಅವನ ಇಂಟರ್ನೆಟ್ ಚೆನ್ನಾಗಿತ್ತು, ಪಟ್ಟಣದಲ್ಲಿದ್ದ ನನ್ನದು ಕುಂಟುತ್ತಿತ್ತು. ನಾನು ಗುಂಡಿ ಒತ್ತಿದ್ದಕ್ಕೂ ಆಟದಲ್ಲಿ ನನ್ನ ಆಳು ಹೆಜ್ಜೆ ಎತ್ತಿದ್ದಕ್ಕೂ ನಡುವೆ ಒಂದು ಅಂತರ. ಆಟಗಾರರು ಅದನ್ನು ಲೇಟೆನ್ಸಿ ಎನ್ನುತ್ತಾರೆ. ಗಿರೀಶ ಅದನ್ನು ನನ್ನ ಸ್ವಭಾವ ಎನ್ನುತ್ತಿದ್ದ. ಅವನು ಮುಂದೆ ಓಡುವವನು, ನಾನು ಹಿಂದೆ ಬೀಳುವವನು. ಹಾಗಾಗಿ ಪ್ರತಿ ತಿರುವಿನ ಮುಂಚೆ ಅವನು ಒಂದು ಕೀಲಿ ಒತ್ತಿ ಹಿಂದಕ್ಕೆ ನೋಡುತ್ತಿದ್ದ. ಆ ಆಟದಲ್ಲಿ ಓಡುತ್ತಲೇ, ಮೈ ತಿರುಗಿಸದೆ, ಬರೀ ಕತ್ತು ತಿರುಗಿಸಿ ನೋಡುವ ಸೌಲಭ್ಯವಿದೆ. ನಾನು ಕಾಣಿಸಿದರೆ ಸರಿ, ಇಲ್ಲದಿದ್ದರೆ ಬೈಗುಳ.

"ಲೇ, ಎಲ್ಲೋದ್ಯಲಾ? ಬತ್ತಾ ಇದ್ದೀಯೋ ಇಲ್ವೋ?"

"ಬತ್ತಾ ಇವ್ನಿ ಕಣ್ಲಾ, ನೆಟ್ಟು ನಿಂತೋಗೈತೆ."

"ನಿನ್ನ ನೆಟ್ಟು ಎತ್ತಿನ ಗಾಡಿ ಕಣ್ಲಾ. ನಾನು ಮುಪ್ಪಾಗೋದ್ರೊಳಗೆ ಬಾ."

ಅವನು ಮುಪ್ಪಾಗಲಿಲ್ಲ. ಒಂದು ಜ್ವರ ಬಂತು, ಆಸ್ಪತ್ರೆಗೆ ಹೋದ, ವಾಪಸು ಬರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ಅವನು ಹೋದ ಮೇಲೆ ನಮ್ಮ ಬೀದಿಗೆ ಫೈಬರ್ ಲೈನ್ ಬಂತು. ಈಗ ನನ್ನ ಆಳು ಒತ್ತಿದ ಕೂಡಲೇ ಓಡುತ್ತಾನೆ, ಎಲ್ಲರಿಗಿಂತ ಮುಂದೆ. ಮುಂದೆ ಹೋಗಿ ಏನು ಮಾಡುವುದೆಂದು ಗೊತ್ತಾಗದೆ ನಿಲ್ಲುತ್ತಾನೆ.

ಅವನು ತೀರಿಕೊಂಡ ಮರುವರ್ಷ ಅವನ ತಂಗಿ ಪವಿತ್ರ ಫೋನ್ ಮಾಡಿದಳು. ಗಿರೀಶನ ಕಂಪ್ಯೂಟರಿನಲ್ಲಿ ಅವಳು ಆಗಾಗ ಆ ಆಟವನ್ನೇ ಆಡುತ್ತಾಳಂತೆ. ಈಗ ಅದು ನಡುನಡುವೆ ಗಕ್ಕನೆ ನಿಂತು, ಆಮೇಲೆ ಎಗರಿ ಮುಂದೆ ಹೋಗುತ್ತದಂತೆ. "ಒಂದ್ಸಲ ಬಂದು ನೋಡಣ್ಣ. ಅಪ್ಪ ಅದ್ನ ಅತ್ತೆ ಮಗಂಗೆ ಕೊಟ್ಬುಡ್ತೀನಿ ಅಂತಾವ್ರೆ" ಎಂದಳು.

ಭಾನುವಾರ ಹೋದೆ. ಅವರದು ರೇಷ್ಮೆ ಹುಳು ಸಾಕುವ ಮನೆ. ಬಾಗಿಲಲ್ಲೇ ಗಿರೀಶನ ಅಮ್ಮ ತಡೆದರು. "ಕಾಲ್ ತೊಳ್ಕಂಡ್ ಬಾ ಮಗಾ. ಸೆಂಟ್ ಗಿಂಟ್ ಹಾಕ್ಕಂಡಿಲ್ಲ ತಾನೆ? ಹುಳ ನಾಕನೇ ಜ್ವರದಿಂದ ಎದ್ದವೆ." ಹುಳುಗಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲ್ಲಾಡದೆ ಮಲಗುವುದನ್ನು ಜ್ವರ ಎನ್ನುತ್ತಾರೆ. ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ, ನಾಲ್ಕು ಸಲವೂ ಏಳುತ್ತವೆ. ಆ ಮಾತನ್ನು ಆ ಮನೆಯಲ್ಲಿ, ಅವರ ಬಾಯಿಂದ ಕೇಳಿ ನಾನು ಕಾಲು ತೊಳೆಯುವ ನೆಪದಲ್ಲಿ ತಲೆ ಬಗ್ಗಿಸಿದೆ. ಒಳಗಿನ ಕೋಣೆಯಿಂದ ಹುಳು ಸೊಪ್ಪು ತಿನ್ನುವ ಸದ್ದು ಬರುತ್ತಿತ್ತು. ಸಣ್ಣ ಮಳೆ ಹಿಡಿದ ಹಾಗೆ. ಎಷ್ಟು ರಾತ್ರಿ ಹೆಡ್‌ಫೋನಿನಲ್ಲಿ ಆ ಸದ್ದನ್ನು ಕೇಳಿ, "ಮೈಕ್ ಆಫ್ ಮಾಡು ಕಣ್ಲಾ, ನಿಮ್ಮೂರಲ್ಲಿ ದಿನಾ ಮಳೆ" ಎಂದು ರೇಗಿದ್ದೆನೋ.

ಗಿರೀಶನ ಅಪ್ಪ ಸೊಪ್ಪಿನ ಹೊರೆ ಇಳಿಸಿ ಬಂದು ನೇರವಾಗಿ ಹೇಳಿದರು. "ನೋಡಪ್ಪ, ಸರಿಯಾಯ್ತದೆ ಅಂದ್ರೆ ಇರ್ಲಿ. ಇಲ್ಲಾಂದ್ರೆ ನಮ್ಮಕ್ಕನ ಮಗ ಕೇಳ್ತಾವ್ನೆ, ತಗಂಡೋಗ್ಲಿ. ನಿಂತು ನಿಂತು ಓಡೋ ಗಾಡಿ ಮನೇಲಿಟ್ಕಂಡು ಏನ್ ಮಾಡಾನ? ಅದ್ರ ಮುಂದೆ ಕೂತ್ಕಂಡು ಇವ್ಳು ಅಳಾದು, ಇವ್ಳ ನೋಡಿ ಇವ್ರಮ್ಮ ಅಳಾದು."

"ನಾನೇನ್ ಅತ್ತಿಲ್ಲ," ಎಂದಳು ಪವಿತ್ರ.

"ಹೂಂ, ಅತ್ತಿಲ್ಲ. ಕಣ್ಣಿಗೆ ಸೊಪ್ಪಿನ ಧೂಳು ಬಿತ್ತು," ಎಂದು ಅವರು ಹೊರಟುಹೋದರು.

ಪವಿತ್ರ ನನ್ನ ಕಡೆ ತಿರುಗಿ, "ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀಯಾ?" ಎಂದು ಕೇಳಿದಳು. ಬೇಗ ಸರಿಮಾಡುವ ದಾರಿ ಅದೇ ಆಗಿತ್ತು. ಅಳಿಸಿದರೆ ಗಿರೀಶ ಕೂರಿಸಿಕೊಂಡಿದ್ದ ಒಂದೊಂದು ಸೆಟ್ಟಿಂಗೂ ಹೋಗುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಅಳಿಸಲ್ಲ" ಎಂದೆ. ಆ ಮಾತು ಕೊಟ್ಟಮೇಲೆ ಕಾರಣ ಹುಡುಕಲೇಬೇಕಾಯಿತು.

ಕಂಪ್ಯೂಟರ್ ತಡವರಿಸುವುದಕ್ಕೆ ಕಾರಣ ಹುಡುಕುವುದೆಂದರೆ ಚರ್ಚೆಯ ಹಾಗೆಯೇ. ಅನುಮಾನ ಎಷ್ಟಿದ್ದರೂ ಒಂದೊಂದನ್ನೇ ಎತ್ತಿ ಹೊರಗೆ ಹಾಕಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ತಪ್ಪಿತಸ್ಥ ಎಂದು ಗೊತ್ತಾಗುವುದಿಲ್ಲ. ಮೊದಲು ಇಂಟರ್ನೆಟ್ ತಂತಿ ಕಿತ್ತೆ. ಒಬ್ಬರೇ ಆಡುವ ಅಭ್ಯಾಸದ ಮೈದಾನದಲ್ಲೂ ಅದು ನಿಂತಿತು. ಎಂದರೆ ತಪ್ಪು ನೆಟ್ಟಿನದಲ್ಲ. ಡಬ್ಬಿ ಬಿಚ್ಚಿ ಧೂಳು ಹೊಡೆದೆ, ಬಿಸಿ ನೋಡಿದೆ. ಬಿಸಿಯದಲ್ಲ. ಹುಳುವಿನ ಕೋಣೆಯ ಹೀಟರ್ ಇದ್ದ ಲೈನು ಬಿಟ್ಟು ಬೇರೆ ಕಡೆಯಿಂದ ಕರೆಂಟ್ ಎಳೆದೆ. ಅದೂ ಅಲ್ಲ.

ಮುಂದಕ್ಕೆ ಹೋಗುವ ಮುಂಚೆ ವಿಡಿಯೋ ಮಾಡಿಕೊಳ್ಳೋಣ ಎನ್ನಿಸಿತು. ಮೊಬೈಲಿನ ನಿಧಾನಗತಿಯ ವಿಡಿಯೋದಲ್ಲಿ ಕೈಬೆರಳನ್ನೂ ಪರದೆಯನ್ನೂ ಒಟ್ಟಿಗೆ ಹಿಡಿದರೆ, ಒತ್ತಿದ್ದಕ್ಕೂ ಆದದ್ದಕ್ಕೂ ನಡುವೆ ಎಷ್ಟು ತಡ ಎಂದು ಒಂದೊಂದೇ ಚಿತ್ರ ಸರಿಸಿ ಎಣಿಸಬಹುದು. ಸರಿಮಾಡುವ ಮುಂಚೆ ಒಂದು, ಆಮೇಲೆ ಒಂದು ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಆದರೆ ಇದಕ್ಕೆ ಇಬ್ಬರು ಬೇಕು. ಪವಿತ್ರ ಆಡಲು ಕೂತಳು, ನಾನು ಅವಳ ಬಲಗೈಯ ಪಕ್ಕ ಮೊಬೈಲ್ ಹಿಡಿದು ನಿಂತೆ.

ಶುರುಮಾಡುವ ಮುಂಚೆ, "ಹಿಂದೆ ಯಾರಾದ್ರೂ ಬಂದ್ರೆ ಹೆಂಗೆ ನೋಡ್ತೀಯ?" ಎಂದು ಸುಮ್ಮನೆ ಕೇಳಿದ್ದೆ. ಅವಳು ಮೌಸನ್ನು ಮೇಜಿನುದ್ದಕ್ಕೂ ಎಳೆದು ಆಳನ್ನು ಇಡಿಯಾಗಿ ತಿರುಗಿಸಿ, "ಹಿಂಗೆ" ಎಂದಳು. ಹಿಂದಕ್ಕೆ ನೋಡುವ ಕೀಲಿಯ ವಿಷಯ ಅವಳಿಗೆ ಗೊತ್ತಿಲ್ಲ ಎಂದುಕೊಂಡೆ. ಹೇಳಿಕೊಡಲಿಲ್ಲ. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗಿರೀಶ ಅದನ್ನು ಕೀಬೋರ್ಡಿನಲ್ಲಿ ಎಲ್ಲಿಗೋ ಬದಲಿಸಿ ಇಟ್ಟುಕೊಂಡಿದ್ದ.

ಅವಳು ಆಡುತ್ತಿದ್ದ ಹಾಗೆ ಪರದೆ ಕೆಲವು ಸಲ ಗಕ್ಕನೆ ನಿಂತಿತು. ನಾನು ಹಿಡಿದುಕೊಂಡೆ. ಆಗ ವಿಶೇಷವೇನೂ ಕಾಣಲಿಲ್ಲ. ನಿಂತಿತು, ಎಗರಿತು, ಅಷ್ಟೇ. ಆದರೆ ನಿಂತಾಗಲೆಲ್ಲ ಡಬ್ಬಿಯ ಮೇಲಿನ ಕೆಂಪು ದೀಪ ಬಿಡದೆ ಉರಿಯುತ್ತಿತ್ತು. ಹಾರ್ಡ್‌ಡಿಸ್ಕ್ ಒದ್ದಾಡುತ್ತಿದೆ ಎಂದು ಅದರ ಅರ್ಥ. ಹುಡುಕಿದರೆ ಕಾರಣ ಸಿಕ್ಕಿತು. ಆಡುವುದನ್ನೆಲ್ಲ ಹಿನ್ನೆಲೆಯಲ್ಲಿ ತಾನಾಗಿಯೇ ರೆಕಾರ್ಡ್ ಮಾಡುವ ಒಂದು ಸೌಲಭ್ಯವನ್ನು ಗಿರೀಶ ಚಾಲೂ ಮಾಡಿಟ್ಟಿದ್ದ. ಅವನಿದ್ದಾಗಿನ ನಮ್ಮ ಆಟಗಳಿಂದ ಹಳೆಯ ಡಿಸ್ಕ್ ತುಂಬಿಹೋಗಿತ್ತು. ಅದು ಇವಳ ಆಟವನ್ನೂ ತುಂಬಿಕೊಳ್ಳಲು ಹೋಗಿ, ಜಾಗವಿಲ್ಲದೆ, ಆಟವನ್ನೇ ಹಿಡಿದು ನಿಲ್ಲಿಸುತ್ತಿತ್ತು.

ಒಂದು ಫೈಲನ್ನೂ ಅಳಿಸಲಿಲ್ಲ. ರೆಕಾರ್ಡ್ ಆಗುವುದನ್ನು ಮಾತ್ರ ಆಫ್ ಮಾಡಿದೆ. ತಡವರಿಕೆ ಮಾಯವಾಯಿತು. ಗಿರೀಶನ ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. "ಆಯ್ತಲ್ಲ. ಇರ್ಲಿ ಬುಡು ಹಂಗಾದ್ರೆ" ಎಂದರು. ಅವರಿಗೂ ಅದು ಹೋಗುವುದು ಬೇಕಿರಲಿಲ್ಲ ಎಂದು ಅವರ ಮುಖ ನೋಡಿ ಗೊತ್ತಾಯಿತು. ಪವಿತ್ರ ಮಾತ್ರ ಇನ್ನೂ ಆಡುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ, "ಈಗ ನಿಲ್ಲಾದೇ ಇಲ್ಲ" ಎಂದಳು. ದೂರು ಹೇಳಿದ ಹಾಗಿತ್ತು.

ಮಾಗಡಿಯಿಂದ ರಾಮನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಬೇಜಾರಿಗೆ, ಮೊದಲಿನ ವಿಡಿಯೋಗಳನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತಿದ್ದೆ. ಅವುಗಳಲ್ಲಿ ಒಂದರಲ್ಲಿ, ಬರೀ ಒಂದರಲ್ಲಿ, ಪರದೆ ನಿಂತು ಮತ್ತೆ ಎಗರುವ ಆ ಸಂದಿನಲ್ಲಿ, ಕೆಲವೇ ಚಿತ್ರಗಳ ಮಟ್ಟಿಗೆ ನೋಟ ಹಿಂದಕ್ಕೆ ತಿರುಗಿತ್ತು. ಮೈ ಮುಂದಕ್ಕೇ ಇತ್ತು, ಕತ್ತು ಮಾತ್ರ ಹಿಂದಕ್ಕೆ. ಹಿಂದಿನ ದಾರಿ ಕಾಣುತ್ತಿತ್ತು. ದಾರಿಯ ಮೇಲೆ ಯಾರೂ ಇರಲಿಲ್ಲ. ಆಮೇಲೆ ನೋಟ ಮುಂದಕ್ಕೆ ಬಂತು, ಮುಂದೆ ಒಂದು ತಿರುವಿತ್ತು, ಆಳು ತಿರುವಿನತ್ತ ಓಡಿದ.

ಬಸ್ಸು ರಾಮನಗರ ಮುಟ್ಟುವವರೆಗೂ ಅದನ್ನೇ ಹಿಂದೆ ಮುಂದೆ ಸರಿಸುತ್ತಿದ್ದೆ. ಹೆದರಿಕೆಯಾಗಲಿಲ್ಲ. ನಿಜ ಹೇಳುತ್ತೇನೆ, "ಬತ್ತಾ ಇವ್ನಿ ಕಣ್ಲಾ" ಎಂದು ಬಾಯಿಗೆ ಬಂತು. ಪಕ್ಕದಲ್ಲಿದ್ದವರು ನನ್ನನ್ನೇ ನೋಡಿದರು.

ಈಗ ವಿರೋಧದ ವಾದ, ಅದು ನನ್ನ ಪಾಲಿನದು. ಒಂದೇ ಸಲ ಕಂಡದ್ದು ಪುರಾವೆಯಲ್ಲ. ನಿಂತ ಕ್ಷಣದಲ್ಲಿ ಒತ್ತಿದ ಕೀಲಿಗಳೆಲ್ಲ ಸಾಲುಗಟ್ಟಿ ನಿಂತು, ಆಟ ಎದ್ದ ಕೂಡಲೇ ಒಟ್ಟಿಗೆ ನುಗ್ಗುತ್ತವೆ. ಪವಿತ್ರಳ ಎಡಗೈ ಬೆರಳು ಗೊತ್ತಿಲ್ಲದೆ ಆ ಕೀಲಿಗೆ ತಗುಲಿರಬಹುದು. ಅಥವಾ ಗೊತ್ತಿದ್ದೇ ಒತ್ತಿರಬಹುದು. ಎಷ್ಟೋ ವರ್ಷ ಅಣ್ಣನ ಬೆನ್ನ ಹಿಂದೆ ಕೂತು ನೋಡಿದವಳು ಅವಳು. ವಿಡಿಯೋದಲ್ಲಿ ಅವಳ ಬಲಗೈ ಮೌಸಿನ ಮೇಲೆ ಅಲ್ಲಾಡದೆ ಇದೆ. ಎಡಗೈ ಚೌಕಟ್ಟಿನ ಹೊರಗಿದೆ. ನಾನೇ ಹೊರಗೆ ಬಿಟ್ಟಿದ್ದೆ.

ಪರವಾದ ವಾದ ಹೂಡಬೇಕಾದವನು ಇಲ್ಲ. ಇದ್ದಿದ್ದರೆ ಏನು ಹೇಳುತ್ತಿದ್ದ? ತಿರುವಿನ ಮುಂಚೆಯೇ ಯಾಕೆ, ಬೇರೆ ಎಲ್ಲೂ ಯಾಕಲ್ಲ ಎಂದು ಕೇಳುತ್ತಿದ್ದ. ನಾನು ಕಾಕತಾಳೀಯ ಎನ್ನುತ್ತಿದ್ದೆ. "ಉತ್ರ ಗೊತ್ತಿಲ್ದಿದ್ರೆ ಕಾಕತಾಳೀಯ ಅನ್ನೋದು ನಿನ್ನ ಚಾಳಿ ಕಣ್ಲಾ" ಎನ್ನುತ್ತಿದ್ದ.

ಪರೀಕ್ಷೆ ಸುಲಭ. ಹೋಗಿ ರೆಕಾರ್ಡಿಂಗ್ ಮತ್ತೆ ಚಾಲೂ ಮಾಡಿ, ಎರಡು ಕೈಯನ್ನೂ ಚೌಕಟ್ಟಿನೊಳಗೆ ಹಿಡಿದರೆ ಮುಗಿಯಿತು. ನಾನು ಹೋಗಿಲ್ಲ. ಎದುರು ತಂಡದವನು ಹೀಗೆ ಜಾರಿಕೊಂಡಿದ್ದರೆ ವೇದಿಕೆಯ ಮೇಲೆ ಅವನನ್ನು ಬಿಡುತ್ತಿರಲಿಲ್ಲ. ಆದರೆ ಪರದೆ ಸಾವಿರ ಸಲ ನಿಂತು ಒಂದು ಸಲವೂ ಹಿಂದಕ್ಕೆ ನೋಡದಿದ್ದರೆ? ಗೆದ್ದೆ ಎಂದು ಯಾರಿಗೆ ಹೇಳಲಿ?

ವಿಡಿಯೋವನ್ನು ಒಬ್ಬ ಗೆಳೆಯನಿಗೆ ತೋರಿಸಿದ್ದೆ. ಅಲ್ಲಿಂದಲೇ ಮುಖ ಮೂಡಿದ ಕಥೆ ಹುಟ್ಟಿದ್ದು. ಆಮೇಲೆ ಪವಿತ್ರಳಿಗೂ ಕಳಿಸಿದೆ. ನೋಡಿದ್ದಾಳೆ ಎಂದು ವಾಟ್ಸಾಪಿನ ನೀಲಿ ಗೆರೆಗಳು ಹೇಳುತ್ತವೆ. ಉತ್ತರ ಬರೆದಿಲ್ಲ. ಆಮೇಲೆ ಮಾಗಡಿ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಹುಳುವಿನ ಬಗ್ಗೆ, ತನ್ನ ಓದಿನ ಬಗ್ಗೆ ಮಾತಾಡಿದಳು. ಕಂಪ್ಯೂಟರ್ ಹೇಗಿದೆ ಎಂದರೆ "ಐತೆ" ಎಂದಳು. ನಾನೂ ಮುಂದೆ ಕೇಳಲಿಲ್ಲ.

ಇಲ್ಲಿ ಕೇಳುತ್ತೇನೆ. ಆ ಕೀಲಿ ನೀನೇ ಒತ್ತಿದ್ದು ಎಂದರೂ ಒಪ್ಪುತ್ತೇನೆ, ಒತ್ತಲಿಲ್ಲ ಎಂದರೂ ವಾದ ಮಾಡುವುದಿಲ್ಲ. ಪವಿತ್ರ, ಆ ಮಧ್ಯಾಹ್ನ ನಿನ್ನ ಎಡಗೈ ಎಲ್ಲಿತ್ತು?